ವಿಂಡೋಸ್‌ನ ಚೆಕ್ ಡಿಸ್ಕ್: ಬ್ಯಾಕಪ್ ಡ್ರೈವ್ ವಿಷಯದಲ್ಲಿ ಎಷ್ಟು ನೆಚ್ಚಬಹುದು?

ಬ್ಯಾಕಪ್ ಡ್ರೈವ್ ಚುಚ್ಚಿದೊಡನೆ ‘ಈ ಡ್ರೈವ್‌ನಲ್ಲಿ ತೊಂದರೆ ಇದೆ, ಈಗಲೇ ಸ್ಕ್ಯಾನ್ ಮಾಡಿ ಸರಿಪಡಿಸಿ’ ಎಂದು ವಿಂಡೋಸ್ ಹೇಳಿದರೆ ಕೈ ತಾನಾಗಿ ಆ ಬಟನ್ ಕಡೆಗೆ ಹೋಗುತ್ತದೆ. ಒತ್ತಿದ ಮೇಲೆ ಹಿಂದೆ ಓಡುವುದು ಚೆಕ್ ಡಿಸ್ಕ್. ಡಾಸ್ ಕಾಲದಿಂದಲೂ ಇರುವ, ವಿಂಡೋಸ್ ಜೊತೆಗೇ ಬರುವ, ಕಾಸು ಖರ್ಚಿಲ್ಲದ ಸಾಧನ. ಮೈಸೂರು ಮಂಡ್ಯದ ಫೋಟೊ ಸ್ಟುಡಿಯೊಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ, ಆಡಿಟರ್ ಕಚೇರಿಗಳಲ್ಲಿ ಒಂದು ಟಿಬಿ, ಎರಡು ಟಿಬಿಯ ಸಣ್ಣ ಡ್ರೈವ್‌ಗಳೇ ಬ್ಯಾಕಪ್. ಅವು ಮುನಿಸಿಕೊಂಡಾಗ ಎಲ್ಲರೂ ಮೊದಲು ಮೊರೆಹೋಗುವುದು ಇದಕ್ಕೇ. ಆದ್ದರಿಂದ ಇದು ಯಾವ ಕೆಲಸಕ್ಕೆ ಒಳ್ಳೆಯದು, ಯಾವ ಕೆಲಸಕ್ಕೆ ಅಪಾಯ ಎಂಬುದನ್ನು ಬಿಡಿಸಿ ನೋಡಬೇಕು. ನಮ್ಮ ತೀರ್ಮಾನವನ್ನು ಮೊದಲೇ ಹೇಳುತ್ತೇವೆ: ಡಿಸ್ಕ್ ಗಟ್ಟಿಯಾಗಿದ್ದು ಫೈಲ್ ಸಿಸ್ಟಮ್, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕ, ಮಾತ್ರ ಕೆಟ್ಟಿದ್ದರೆ ಚೆಕ್ ಡಿಸ್ಕ್‌ನಷ್ಟು ಒಳ್ಳೆಯ ಸಾಧನ ವಿಂಡೋಸ್‌ನಲ್ಲಿ ಬೇರೆ ಇಲ್ಲ. ಡಿಸ್ಕೇ ಕೆಡುತ್ತಿದ್ದರೆ, ಒಳಗಿನ ಫೈಲ್‌ಗಳಿಗೆ ಬೇರೆ ಪ್ರತಿ ಇಲ್ಲದಿದ್ದರೆ, ಇದನ್ನು ಓಡಿಸಲೇಬಾರದು.

ಕಾರಣ ಇಷ್ಟೆ. ಚೆಕ್ ಡಿಸ್ಕ್ ನೋಡುವುದು ಯಾವ ಫೈಲ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಯಾವ ಫೋಲ್ಡರ್‌ಗೆ ಸೇರಿದೆ, ಯಾವ ಜಾಗ ಖಾಲಿ ಎಂಬ ಲೆಕ್ಕವನ್ನು. ಲೆಕ್ಕ ತಾಳೆಯಾಗದಿದ್ದರೆ ತಾಳೆಯಾಗುವಂತೆ ಬರೆಯುತ್ತದೆ, ಬೇಕಾದರೆ ನಮೂದನ್ನು ಹೊಡೆದೂ ಹಾಕುತ್ತದೆ. ಪಹಣಿ ತಿದ್ದಿಸಿದ ಮಾತ್ರಕ್ಕೆ ಹೊಲದ ಮಣ್ಣು ಫಲವತ್ತಾಗುವುದಿಲ್ಲವಲ್ಲ, ಹಾಗೆ. ಒಳಗಿನ ಫೋಟೊ ತೆರೆಯುತ್ತದೋ ಇಲ್ಲವೋ ಎಂಬುದು ಅದರ ಚಿಂತೆಯಲ್ಲ. ‘ತಪಾಸಣೆ ಮುಗಿಯಿತು, ತೊಂದರೆ ಇಲ್ಲ’ ಎಂದು ಅದು ಹೇಳಿದರೆ ಲೆಕ್ಕ ಸರಿಯಿದೆ ಎಂದಷ್ಟೇ ಅರ್ಥ.

ಹಾಗಾಗಿ ಆ ಬಟನ್ ಒತ್ತುವ ಮುಂಚೆ ಡಿಸ್ಕ್‌ನ ಆರೋಗ್ಯ ನೋಡಬೇಕು. ಅದಕ್ಕೆ ಜಪಾನಿನಿಂದ ಬಂದಿರುವ ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಐದು ನಿಮಿಷದ ಕೆಲಸ. ಇನ್‌ಸ್ಟಾಲ್ ಮಾಡಿ ತೆರೆದರೆ ಮೇಲೆ ಡ್ರೈವ್‌ಗಳ ಸಾಲು, ಎಡಗಡೆ ಆರೋಗ್ಯ ಮತ್ತು ಉಷ್ಣಾಂಶ, ಕೆಳಗೆ ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ಅಂಕಿಗಳ ಪಟ್ಟಿ. ನೀಲಿ ಇದ್ದರೆ ಸರಿ, ಹಳದಿ ಎಚ್ಚರಿಕೆ, ಕೆಂಪು ಎಂದರೆ ಮುಗಿಯಿತು. ಬಣ್ಣ ನೋಡಿ ಬಿಟ್ಟುಬಿಡಬೇಡಿ, ಮೂರು ಸಾಲುಗಳನ್ನು ಓದಿ. ‘ಸೊನ್ನೆ ಐದು’ ಸಂಖ್ಯೆಯದು, ಡಿಸ್ಕ್ ತಾನೇ ಕೈಬಿಟ್ಟು ಮೀಸಲು ಜಾಗಕ್ಕೆ ವರ್ಗಾಯಿಸಿದ ಸೆಕ್ಟರ್‌ಗಳ, ಅಂದರೆ ಮಾಹಿತಿ ಬರೆಯುವ ಸಣ್ಣ ಸಣ್ಣ ಜಾಗಗಳ, ಲೆಕ್ಕ. ‘ಸಿ ಐದು’, ಓದಲು ಆಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು. ‘ಸಿ ಆರು’, ಸರಿಪಡಿಸಲಾಗದವು. ಮೂರರಲ್ಲೂ ಬಲಗಡೆಯ ಅಂಕಿ ಪೂರ್ತಿ ಸೊನ್ನೆ ಇದ್ದರೆ ಚೆಕ್ ಡಿಸ್ಕ್ ಓಡಿಸಬಹುದು. ‘ಸಿ ಐದು’ ಸೊನ್ನೆಗಿಂತ ಹೆಚ್ಚಿದ್ದರೆ ಅಲ್ಲಿಗೇ ನಿಲ್ಲಿಸಿ, ಮೊದಲು ಫೈಲ್‌ಗಳನ್ನು ಬೇರೆಡೆಗೆ ಸಾಗಿಸಿ.

ಈ ಪಟ್ಟಿಯಲ್ಲಿ ಮೋಸ ಹೋಗುವ ಜಾಗಗಳೂ ಇವೆ. ಅಂಕಿಗಳು ಸಾಮಾನ್ಯವಾಗಿ ಹದಿನಾರರ ಮಾನದಲ್ಲಿ ಕಾಣುತ್ತವೆ. ಅಲ್ಲಿ ‘10’ ಎಂದಿದ್ದರೆ ನಮ್ಮ ಲೆಕ್ಕದಲ್ಲಿ 16. ಫಂಕ್ಷನ್ ಮೆನುವಿನ ಅಡ್ವಾನ್ಸ್‌ಡ್ ಫೀಚರ್ ಒಳಗೆ ರಾ ವ್ಯಾಲ್ಯೂಸ್ ಎಂಬಲ್ಲಿ ಹತ್ತರ ಮಾನಕ್ಕೆ ಬದಲಿಸಿಕೊಂಡರೆ ಗೊಂದಲವಿಲ್ಲ. ಈಗಿನ ಡಿಸ್ಕ್‌ಗಳ ಭೌತಿಕ ಸೆಕ್ಟರ್ 4,096 ಬೈಟ್, ಹೊರಗೆ ತೋರಿಸಿಕೊಳ್ಳುವುದು 512 ಬೈಟ್. ಅದಕ್ಕೇ ಬಾಕಿ ಸೆಕ್ಟರ್‌ಗಳು ಹೆಚ್ಚಾಗಿ 8, 16, 24 ಎಂದು ಎಂಟರ ಮಗ್ಗಿಯಲ್ಲಿ ಏರುತ್ತವೆ. 8 ಎಂದರೆ ಒಂದೇ ಕಡೆ ಕೆಟ್ಟಿದೆ ಎಂದು ತಿಳಿಯಬೇಕು. ಸೀಗೇಟ್ ಡಿಸ್ಕ್‌ಗಳಲ್ಲಿ ‘ಸೊನ್ನೆ ಒಂದು’, ‘ಸೊನ್ನೆ ಏಳು’ ಸಾಲುಗಳಲ್ಲಿ ಕೋಟಿಗಟ್ಟಲೆ ಅಂಕಿ ಕಂಡರೂ ಹೆದರಬೇಕಿಲ್ಲ, ಅವರ ಲೆಕ್ಕದ ಕ್ರಮವೇ ಹಾಗೆ. ಇನ್ನೊಂದು, ‘ಸಿ ಏಳು’ ಏರಿದರೆ ಕೇಬಲ್ ದೋಷ ಎಂದು ಅಂಗಡಿಗಳಲ್ಲಿ ಹೇಳುವುದುಂಟು. ಕಂಪ್ಯೂಟರ್ ಒಳಗಿನ ಡಿಸ್ಕ್‌ಗೆ ಆ ಮಾತು ಸರಿ. ಹೊರಗಿನ ಡ್ರೈವ್‌ನಲ್ಲಿ ಆ ಅಂಕಿ ಡಿಸ್ಕ್‌ಗೂ ಅದರ ಡಬ್ಬಿಯೊಳಗಿನ ಪುಟ್ಟ ಯುಎಸ್‌ಬಿ ಬೋರ್ಡ್‌ಗೂ ನಡುವಿನ ಸಂಪರ್ಕದ್ದು, ಹೊರಗೆ ನೇತಾಡುವ ಯುಎಸ್‌ಬಿ ವೈರಿನದ್ದಲ್ಲ.

ಆ ವೈರಿನ ದೋಷ ಪತ್ತೆಯಾಗುವುದು ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸಿಡುವ ಇವೆಂಟ್ ವ್ಯೂವರ್‌ನಲ್ಲಿ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ತೆರೆದು ‘ಡಿಸ್ಕ್’ ಹೆಸರಿನ ಸಾಲುಗಳನ್ನು ನೋಡಿ. ನಂಬರ್ 157 ಎಂದರೆ ಡ್ರೈವ್ ಹೇಳದೆ ಕೇಳದೆ ಕಳಚಿಕೊಂಡಿತು, ಅಂದರೆ ಕೇಬಲ್, ಪೋರ್ಟ್ ಅಥವಾ ಪವರ್. 153 ಎಂದರೆ ಓದುವ ಬರೆಯುವ ಕೆಲಸವನ್ನು ಮತ್ತೆ ಮಾಡಬೇಕಾಯಿತು. ಇದು ವೈರ್, ಡಿಸ್ಕ್ ಎರಡು ಕಡೆಯಿಂದಲೂ ಬರಬಹುದು. 7 ಎಂದರೆ ಕೆಟ್ಟ ಬ್ಲಾಕ್, ಡಿಸ್ಕ್‌ನದೇ ದೋಷ.

ಕೇಬಲ್ ವಿಷಯಕ್ಕೆ ತುಸು ನಿಲ್ಲಬೇಕು, ಏಕೆಂದರೆ ‘ಡ್ರೈವ್ ಹೋಯಿತು’ ಎಂದು ತರುವ ಎಷ್ಟೋ ಪ್ರಕರಣ ಇಲ್ಲಿಯೇ ಬಗೆಹರಿಯುತ್ತವೆ. ಈ ಡ್ರೈವ್‌ಗಳ ಚಪ್ಪಟೆ ಅಗಲ ಪ್ಲಗ್ಗನ್ನು ಮೈಕ್ರೊ ಬಿ ಎನ್ನುತ್ತಾರೆ. ಅದಕ್ಕೆ ಎರಡು ಭಾಗ: ಒಂದರಲ್ಲಿ ಹಳೆಯ ಯುಎಸ್‌ಬಿ 2ರ ಐದು ಪಿನ್, ಪಕ್ಕದ್ದರಲ್ಲಿ ಯುಎಸ್‌ಬಿ 3ರ ಐದು ಪಿನ್. ಡ್ರೈವ್ ಅನ್ನು ಲ್ಯಾಪ್‌ಟಾಪ್‌ನಿಂದ ಜೋತುಬಿಟ್ಟು ಬಳಸಿದರೆ ಎರಡನೆಯ ಭಾಗ ಸಡಿಲವಾಗುತ್ತದೆ. ಆಗ ಡ್ರೈವ್ ಕಾಣಿಸುತ್ತದೆ, ಫೋಲ್ಡರ್ ತೆರೆಯುತ್ತದೆ, ಆದರೆ ವೇಗ ಸೆಕೆಂಡಿಗೆ 35 ರಿಂದ 40 ಎಂಬಿಗೆ ಇಳಿದಿರುತ್ತದೆ. ಆ ವೇಗ ಕಂಡರೆ ಮೊದಲು ವೈರ್ ಬದಲಿಸಿ. ಕಂಪನಿ ಕೊಟ್ಟ ಅರ್ಧ ಮೀಟರ್ ಒಳಗಿನ ವೈರೇ ಒಳ್ಳೆಯದು. ಹಬ್ ಬೇಡ, ಎಕ್ಸ್‌ಟೆನ್ಷನ್ ಬೇಡ. ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್‌ನ ಮುಂದಿನ ಪೋರ್ಟ್ ಬಿಟ್ಟು ಹಿಂದೆ ಮದರ್‌ಬೋರ್ಡ್‌ಗೇ ಕೂತಿರುವ ಪೋರ್ಟಿಗೆ ಹಾಕಿ. ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿ ಆಂಪ್, ಯುಎಸ್‌ಬಿ 3 ಕೊಡುವುದು 900. ತಟ್ಟೆ ತಿರುಗಲು ಶುರುವಾಗುವ ಗಳಿಗೆಯಲ್ಲಿ ಡ್ರೈವ್ ಹೆಚ್ಚು ಕರೆಂಟ್ ಎಳೆಯುತ್ತದೆ. ‘ಟಿಕ್’ ಎಂದು ಶುರುವಾಗಿ ನಿಂತು ಮತ್ತೆ ಶುರುವಾಗುವ ಸದ್ದು ಪವರ್ ಸಾಲದ್ದರಿಂದಲೂ ಬರುತ್ತದೆ. ಪೋರ್ಟ್ ಬದಲಿಸಿದರೂ ಅದೇ ಸದ್ದು ತಾಳ ಹಾಕಿದಂತೆ ಬಂದರೆ ತಟ್ಟೆಯಿಂದ ಓದುವ ಹೆಡ್ ಹೋಗಿದೆ ಎಂದೇ ತಿಳಿದು ತಕ್ಷಣ ಕಳಚಿಡಿ. ಆ ಸ್ಥಿತಿಯಲ್ಲಿ ಯಾವ ಸಾಫ್ಟ್‌ವೇರೂ ಕೆಲಸಕ್ಕೆ ಬರುವುದಿಲ್ಲ.

ಇಷ್ಟೆಲ್ಲ ದಾಟಿ ಡಿಸ್ಕ್ ಗಟ್ಟಿ ಎಂದು ಖಾತ್ರಿಯಾದ ಮೇಲೆ ಚೆಕ್ ಡಿಸ್ಕ್. ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಟೂಲ್ಸ್, ಚೆಕ್ ಎಂಬ ದಾರಿ ಇದೆ. ವಿಂಡೋಸ್ 7ರಲ್ಲಿ ಅಲ್ಲೇ ಕೆಟ್ಟ ಸೆಕ್ಟರ್ ಹುಡುಕುವ ಆಯ್ಕೆಯೂ ಇತ್ತು, ವಿಂಡೋಸ್ 8ರಿಂದ ತೆಗೆದರು. ಈಗ ಆ ದಾರಿಯಲ್ಲಿ ಬರುವ ವರದಿ ತೀರಾ ಚುಟುಕು. ಕಮಾಂಡ್ ಪ್ರಾಂಪ್ಟ್ ದಾರಿಯೇ ಒಳ್ಳೆಯದು. ಸ್ಟಾರ್ಟ್‌ನಲ್ಲಿ ಸಿ, ಎಂ, ಡಿ ಎಂದು ಒತ್ತಿ, ಬಲ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿ. ನಂತರ ಸಿ, ಎಚ್, ಕೆ, ಡಿ, ಎಸ್, ಕೆ ಎಂಬ ಆರು ಅಕ್ಷರ, ಒಂದು ಸ್ಪೇಸ್, ಡ್ರೈವ್‌ನ ಅಕ್ಷರ, ಕೋಲನ್. ಅಷ್ಟಕ್ಕೇ ಎಂಟರ್ ಒತ್ತಿ. ಇದು ಓದುವ ತಪಾಸಣೆ ಮಾತ್ರ, ಡಿಸ್ಕ್ ಮೇಲೆ ಏನನ್ನೂ ತಿದ್ದುವುದಿಲ್ಲ. ಅಕ್ಷರ ಯಾವುದೆಂದು ಎರಡು ಸಲ ನೋಡಿಕೊಳ್ಳಿ, ನಾಲ್ಕೈದು ಡ್ರೈವ್ ಚುಚ್ಚಿಟ್ಟುಕೊಳ್ಳುವ ಸ್ಟುಡಿಯೊಗಳಲ್ಲಿ ತಪ್ಪುವುದು ಸುಲಭ.

ವಿಂಡೋಸ್‌ನದೇ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ಇರುವ ಡ್ರೈವ್ ಆದರೆ ಮೂರು ಹಂತ ಕಾಣುತ್ತವೆ. ಮೊದಲನೆಯದು ಫೈಲ್ ಪಟ್ಟಿಯ ಮೂಲ ರಚನೆ, ಎರಡನೆಯದು ಹೆಸರು ಮತ್ತು ಫೋಲ್ಡರ್‌ಗಳ ಕೊಂಡಿ, ಮೂರನೆಯದು ಅನುಮತಿಗಳ ವಿವರ. ಗಟ್ಟಿ ಡಿಸ್ಕ್‌ನಲ್ಲಿ ಇದು ನಿಮಿಷಗಳ ಕೆಲಸ; ಫೈಲ್‌ಗಳ ಸಂಖ್ಯೆ ಲಕ್ಷ ದಾಟಿದಷ್ಟೂ ಎರಡನೆಯ ಹಂತ ಎಳೆಯುತ್ತದೆ. ಡ್ರೈವ್ ಬಳಕೆಯಲ್ಲಿದ್ದಾಗ ಓದುವ ತಪಾಸಣೆ ಇಲ್ಲದ ತಪ್ಪನ್ನೂ ತೋರಿಸಬಹುದು, ಹಾಗಾಗಿ ಆ ಡ್ರೈವ್‌ನ ಎಲ್ಲ ಕಿಟಕಿ, ಫೋಟೊ ಸಾಫ್ಟ್‌ವೇರ್ ಮುಚ್ಚಿ ಓಡಿಸಿ. ಕೊನೆಯಲ್ಲಿ ಬರುವ ಅಂಕಿಗಳ ಪಟ್ಟಿಯಲ್ಲಿ ‘ಬ್ಯಾಡ್ ಸೆಕ್ಟರ್ಸ್’ ಎದುರು 0 ಕೆಬಿ ಇದೆಯೇ ನೋಡಿ.

ತಪ್ಪು ಕಂಡರೆ ಅದೇ ಸಾಲಿನ ಕೊನೆಗೆ ಸ್ಪೇಸ್ ಬಿಟ್ಟು ಸ್ಲ್ಯಾಶ್ ಎಫ್ ಸೇರಿಸಿ ಓಡಿಸಿ. ತಿದ್ದುವುದು ಇದು. ಡ್ರೈವ್ ಬೇರೆ ಸಾಫ್ಟ್‌ವೇರಿನ ಬಳಕೆಯಲ್ಲಿದೆ, ಬಲವಂತವಾಗಿ ಬಿಡಿಸಲೇ ಎಂದು ಕೇಳಿದರೆ, ಆ ಡ್ರೈವ್‌ನಿಂದ ಯಾವ ಫೈಲೂ ತೆರೆದಿಲ್ಲ ಎಂದು ನೋಡಿ ವೈ ಒತ್ತಿ. ‘ನೇರ ಪ್ರವೇಶ ಸಿಗುತ್ತಿಲ್ಲ’ ಎಂದರೆ ಸಾಮಾನ್ಯವಾಗಿ ಆಂಟಿವೈರಸ್ ಅಥವಾ ಬ್ಯಾಕಪ್ ಸಾಫ್ಟ್‌ವೇರ್ ಡ್ರೈವ್ ಹಿಡಿದುಕೊಂಡಿದೆ. ಡ್ರೈವ್‌ಗೆ ಪಾಸ್‌ವರ್ಡ್ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಮೊದಲು ಬೀಗ ತೆಗೆಯಬೇಕು. ಕಿಟಕಿ ಮುಚ್ಚಿದ ಮೇಲೂ ವರದಿ ಬೇಕಾದರೆ ಇವೆಂಟ್ ವ್ಯೂವರ್‌ನ ಅಪ್ಲಿಕೇಶನ್ ವಿಭಾಗದಲ್ಲಿ ಚೆಕ್ ಡಿಸ್ಕ್ ಹೆಸರಿನಲ್ಲಿರುತ್ತದೆ: ಓದುವ ತಪಾಸಣೆಗೆ ನಂಬರ್ 26212, ತಿದ್ದುವ ತಪಾಸಣೆಗೆ 26214.

ಇನ್ನು ಸ್ಲ್ಯಾಶ್ ಆರ್. ಎಲ್ಲ ಕಡೆ ಕಣ್ಣು ಮುಚ್ಚಿ ಹೇಳುವ ಸಲಹೆ ಇದೇ, ಅತಿ ಹೆಚ್ಚು ಹಾನಿ ಮಾಡುವುದೂ ಇದೇ. ಇದು ಎಫ್ ಮಾಡುವುದನ್ನೆಲ್ಲ ಮಾಡಿ, ನಾಲ್ಕನೆಯ ಹಂತದಲ್ಲಿ ಫೈಲ್‌ಗಳಿರುವ ಜಾಗವನ್ನೂ ಐದನೆಯ ಹಂತದಲ್ಲಿ ಖಾಲಿ ಜಾಗವನ್ನೂ ಒಂದೊಂದಾಗಿ ಓದುತ್ತದೆ. ಓದಲಾಗದ ಕಡೆ ಆ ಕ್ಲಸ್ಟರ್, ಅಂದರೆ ಒಟ್ಟಿಗೆ ಎಣಿಸುವ ಸೆಕ್ಟರ್‌ಗಳ ಗುಂಪು, ಕೆಟ್ಟದ್ದೆಂದು ಗುರುತಿಸಿ, ಫೈಲ್‌ಗೆ ಬೇರೆ ಜಾಗ ಕೊಡುತ್ತದೆ. ಅಲ್ಲಿದ್ದ ಮಾಹಿತಿ ಮಾತ್ರ ಮರಳುವುದಿಲ್ಲ. ‘ಕೆಟ್ಟ ಕ್ಲಸ್ಟರ್ ಬದಲಿಸಲಾಗಿದೆ’ ಎಂಬ ಸಾಲು ಓದಲು ಸಮಾಧಾನ ಕೊಡುತ್ತದೆ. ನಿಜವಾಗಿ ಆ ಹೆಸರಿನ ಫೈಲ್‌ನಲ್ಲಿ ಒಂದು ತುಂಡು ಹೋಯಿತು ಎಂದರ್ಥ. ಆ ಹೆಸರುಗಳನ್ನು ಬರೆದಿಟ್ಟುಕೊಳ್ಳಿ, ಮೂಲ ಕಂಪ್ಯೂಟರಿನಲ್ಲಿ ಪ್ರತಿ ಇದ್ದರೆ ಅಲ್ಲಿಂದ ಮತ್ತೆ ಹಾಕಬೇಕು.

ಸಮಯದ ಲೆಕ್ಕ ಮೊದಲೇ ತಿಳಿದಿರಲಿ. ಎರಡು ಟಿಬಿ ಎಂದರೆ 20 ಲಕ್ಷ ಎಂಬಿ. ಗಟ್ಟಿ ಡಿಸ್ಕ್ ಸರಾಸರಿ ಸೆಕೆಂಡಿಗೆ 90 ಎಂಬಿ ಓದಿದರೂ ಆರು ಗಂಟೆ ಮೇಲಾಗುತ್ತದೆ. ವೈರ್ ಸಡಿಲವಾಗಿ 35 ಎಂಬಿಗೆ ಇಳಿದಿದ್ದರೆ ಹದಿನಾರು ಗಂಟೆ. ಅದಕ್ಕಿಂತ ಬಹಳ ಹೆಚ್ಚಾದರೆ ಡಿಸ್ಕ್ ಒಂದೇ ಕಡೆ ಒದ್ದಾಡುತ್ತಿದೆ. ಟಾಸ್ಕ್ ಮ್ಯಾನೇಜರ್ ತೆರೆದು ಆ ಡಿಸ್ಕ್ ನೋಡಿ: ಬಳಕೆ 100 ಶೇಕಡ, ವೇಗ ಮಾತ್ರ 0 ಕೆಬಿ, ಅತ್ತ ಇವೆಂಟ್ ವ್ಯೂವರ್‌ನಲ್ಲಿ ನಂಬರ್ 7 ಏರುತ್ತಿದೆ ಎಂದಾದರೆ ಕಾಯುವುದರಲ್ಲಿ ಅರ್ಥವಿಲ್ಲ. ಕೆಟ್ಟ ಜಾಗವನ್ನು ಮತ್ತೆ ಮತ್ತೆ ಓದಿಸಿದಷ್ಟೂ ಡಿಸ್ಕ್ ಇನ್ನಷ್ಟು ಹಾಳಾಗಬಹುದು. ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ, ನಿಲ್ಲುವವರೆಗೆ ಕಾದು, ಆಮೇಲೆ ಕಳಚಿ. ವೈರನ್ನು ಹಾಗೆಯೇ ಕಿತ್ತರೆ ಅರ್ಧ ತಿದ್ದಿದ ಲೆಕ್ಕ ಉಳಿಯುತ್ತದೆ.

ಸ್ಲ್ಯಾಶ್ ಆರ್ ಓಡಿಸುವುದೇ ಆದರೆ ರಾತ್ರಿ ಕರೆಂಟ್ ಹೋಗುವ ಸಂಭವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡೆಸ್ಕ್‌ಟಾಪ್‌ನ ಸಣ್ಣ ಯುಪಿಎಸ್ ಹತ್ತು ಹದಿನೈದು ನಿಮಿಷಕ್ಕಷ್ಟೇ. ಲ್ಯಾಪ್‌ಟಾಪ್‌ನಲ್ಲಿ, ಚಾರ್ಜರ್ ಹಾಕಿ ಓಡಿಸುವುದು ಕ್ಷೇಮ. ಸ್ಲೀಪ್ ಆಗದಂತೆ ಸೆಟ್ಟಿಂಗ್ ಬದಲಿಸಿ. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನೂ ಆಫ್ ಮಾಡಿಡಿ. ಡ್ರೈವ್ ಮಟ್ಟಸವಾದ ಮೇಜಿನ ಮೇಲೆ ಇರಲಿ, ಅಲುಗದಿರಲಿ. ಮಾರ್ಚ್, ಏಪ್ರಿಲ್‌ನ ಮಂಡ್ಯದ ಬಿಸಿಲಲ್ಲಿ ಮುಚ್ಚಿದ ಡಬ್ಬಿಯ ಡಿಸ್ಕ್ ಸುಲಭವಾಗಿ 50 ಡಿಗ್ರಿ ಮುಟ್ಟುತ್ತದೆ, ಫ್ಯಾನ್ ಗಾಳಿ ತಾಗುವಂತೆ ಇಡಿ.

ತಪಾಸಣೆ ಮುಗಿದ ಮೇಲೆ ಫೌಂಡ್ ಡಾಟ್ ಮೂರು ಸೊನ್ನೆ ಎಂಬ ಅಡಗಿದ ಫೋಲ್ಡರ್ ಹುಟ್ಟಿದ್ದರೆ ಅದನ್ನು ಅಳಿಸಬೇಡಿ. ಲೆಕ್ಕದಲ್ಲಿ ಮನೆ ಸಿಗದ ಫೈಲ್‌ಗಳು ಅಲ್ಲಿರುತ್ತವೆ. ಎನ್‌ಟಿಎಫ್‌ಎಸ್‌ನಲ್ಲಿ ಹಲವು ಸಲ ಹಳೆಯ ಹೆಸರೇ ಇರುತ್ತದೆ. ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಫೈಲ್ ಸಿಸ್ಟಮ್ ಇರುವ ಡ್ರೈವ್‌ನಲ್ಲಿ ಸಿಎಚ್‌ಕೆ ಎಂದು ಕೊನೆಯಾಗುವ ಹೆಸರಿಲ್ಲದ ತುಂಡುಗಳು. ಫೋಟೊ ಇರಬಹುದೆಂದು ಅನಿಸಿದರೆ ಒಂದರ ಪ್ರತಿ ಮಾಡಿ ಜೆಪಿಜಿ ಎಂದು ಹೆಸರಿಟ್ಟು ತೆರೆದು ನೋಡಿ.

‘ರಾ’ ಡ್ರೈವ್, ಚೆಕ್ ಡಿಸ್ಕ್ ಸಿಗುವುದಿಲ್ಲ ಎಂದು ಬಂದರೆ ವಿಂಡೋಸ್‌ಗೆ ಫೈಲ್ ಸಿಸ್ಟಮ್ಮೇ ಗುರುತು ಸಿಗಲಿಲ್ಲ. ಜೊತೆಗೆ ಫಾರ್ಮ್ಯಾಟ್ ಮಾಡಲೇ ಎಂದೂ ಕೇಳುತ್ತದೆ. ಒಪ್ಪಬೇಡಿ. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಡ್ರೈವ್ ಕೂಡ ಇಲ್ಲಿ ಹೀಗೆಯೇ ಕೇಳುತ್ತದೆ, ಅದು ಕೆಟ್ಟಿರುವುದೇ ಇಲ್ಲ.

ಮ್ಯಾಕ್, ವಿಂಡೋಸ್ ಎರಡನ್ನೂ ಬಳಸುವ ಸ್ಟುಡಿಯೊಗಳು ಎಕ್ಸ್‌ಫ್ಯಾಟ್ ಆರಿಸುತ್ತವೆ, ಎರಡೂ ಕಡೆ ಬರೆಯಬಹುದು ಎಂಬ ಕಾರಣಕ್ಕೆ. ಬ್ಯಾಕಪ್‌ಗೆ ನಾವು ಅದನ್ನು ಒಪ್ಪುವುದಿಲ್ಲ. ಎನ್‌ಟಿಎಫ್‌ಎಸ್ ತಾನು ಮಾಡುವ ಬದಲಾವಣೆಗಳ ದಿನಚರಿ ಇಡುತ್ತದೆ. ಬರೆಯುತ್ತಿರುವಾಗ ಕರೆಂಟ್ ಹೋದರೆ ಮುಂದಿನ ಸಲ ಆ ದಿನಚರಿ ನೋಡಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಎಕ್ಸ್‌ಫ್ಯಾಟ್‌ಗೆ ಆ ಸೌಲಭ್ಯವಿಲ್ಲ, ಒಂದು ಸಲ ಅಕಾಲದಲ್ಲಿ ವೈರ್ ಕಳಚಿದರೂ ಫೋಲ್ಡರ್ ಮಾಯವಾಗಬಹುದು. ದೊಡ್ಡ ಡ್ರೈವ್‌ನಲ್ಲಿ ಅದರ ಕ್ಲಸ್ಟರ್ ಸಾಮಾನ್ಯವಾಗಿ 128 ಕೆಬಿ, ಎನ್‌ಟಿಎಫ್‌ಎಸ್‌ನದು 4 ಕೆಬಿ. ಸಣ್ಣ ಪಿಡಿಎಫ್, ಬಿಲ್ಲುಗಳನ್ನೇ ಲಕ್ಷಗಟ್ಟಲೆ ಇಡುವ ಆಡಿಟರ್ ಕಚೇರಿಯಲ್ಲಿ ಫೈಲಿಗೆ ಸರಾಸರಿ 64 ಕೆಬಿಯಂತೆ ಜಾಗ ಪೋಲು. ಸರಿಯಾಗಿ ಕಳಚದೆ ‘ತಪಾಸಣೆ ಬೇಕು’ ಎಂಬ ಗುರುತು ಬಿದ್ದಿರುವ ಎಕ್ಸ್‌ಫ್ಯಾಟ್ ಡ್ರೈವ್ ಅನ್ನು ಮ್ಯಾಕ್‌ಗೆ ಚುಚ್ಚಿದರೆ ಬಹಳ ಹೊತ್ತು ಏನೂ ಕಾಣಿಸದಿರಬಹುದು. ಆ್ಯಕ್ಟಿವಿಟಿ ಮಾನಿಟರ್‌ನಲ್ಲಿ ಎಫ್‌ಎಸ್‌ಸಿಕೆ ಎಂಬ ಹೆಸರು ಕಂಡರೆ ಅದು ತನ್ನಷ್ಟಕ್ಕೆ ತಪಾಸಣೆ ಮಾಡುತ್ತಿದೆ, ಕೀಳದೆ ಬಿಡಿ. ಲಿನಕ್ಸ್‌ನ ಎನ್‌ಟಿಎಫ್‌ಎಸ್ ಫಿಕ್ಸ್ ಚೆಕ್ ಡಿಸ್ಕ್‌ಗೆ ಬದಲಿ ಅಲ್ಲ. ಕೆಲವು ಸಣ್ಣ ತಿದ್ದುಪಡಿ ಮಾಡಿ, ವಿಂಡೋಸ್‌ನಲ್ಲಿ ತಪಾಸಣೆ ಆಗಲಿ ಎಂದು ಗುರುತು ಹಾಕಿಡುತ್ತದೆ, ಅಷ್ಟೆ.

ಡಿಸ್ಕೇ ಕೆಡುತ್ತಿದೆ ಎಂದಾಗ ಏನು? ಸೊನ್ನೆ ಐದು, ಸಿ ಐದು ಅಂಕಿಗಳು ಸಣ್ಣದಿದ್ದು ಫೋಲ್ಡರ್‌ಗಳು ತೆರೆಯುತ್ತಿದ್ದರೆ ಫೈಲ್‌ಗಳ ಪ್ರತಿ ಮಾಡುವ ವಿಂಡೋಸ್‌ನದೇ ಕಮಾಂಡ್ ರೋಬೊಕಾಪಿ ಸಾಕು. ಅದರ ಮೂಲ ಸೆಟ್ಟಿಂಗ್ ಬಿಟ್ಟರೆ ಓದಲಾಗದ ಒಂದು ಫೈಲಿಗೆ 30 ಸೆಕೆಂಡ್ ಬಿಟ್ಟು ಬಿಟ್ಟು ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ. ಆದ್ದರಿಂದ ಸ್ಲ್ಯಾಶ್ ಆರ್ ಕೋಲನ್ 1, ಸ್ಲ್ಯಾಶ್ ಡಬ್ಲ್ಯು ಕೋಲನ್ 1 ಎಂದು ಸೇರಿಸಲೇಬೇಕು. ಉಪಫೋಲ್ಡರ್‌ಗಳಿಗೆ ಸ್ಲ್ಯಾಶ್ ಇ. ಎಂಐಆರ್ ಎಂಬ ಆಯ್ಕೆ ಬೇಡ, ಅದು ಮೂಲದಲ್ಲಿ ಇಲ್ಲದ್ದನ್ನು ಇನ್ನೊಂದು ಕಡೆಯಲ್ಲೂ ಅಳಿಸುತ್ತದೆ. ಇಡೀ ಡ್ರೈವ್ ಒಟ್ಟಿಗೆ ಕೊಡದೆ, ಮತ್ತೆ ಸಿಗದ ಫೋಲ್ಡರ್ ಮೊದಲು ಕೊಡಿ.

ಫೋಲ್ಡರ್ ತೆರೆಯಲೇ ಒದ್ದಾಡುತ್ತಿದ್ದರೆ ಉಬುಂಟು ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಕೆಡುತ್ತಿರುವ ಡಿಸ್ಕ್‌ನ ಪ್ರತಿ ಎತ್ತುವ ಡಿಡಿ ರೆಸ್ಕ್ಯೂ ಬಳಸುವುದು ಉತ್ತಮ. ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಸಿಗುವುದನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಮ್ಯಾಪ್ ಫೈಲ್‌ನಲ್ಲಿ ಬರೆದುಕೊಂಡು ಮುಂದೆ ಹೋಗುತ್ತದೆ. ಎರಡನೆಯ ಸುತ್ತಿನಲ್ಲಿ ಆ ಜಾಗಗಳಿಗೆ ಮಾತ್ರ ಮೂರು ಪ್ರಯತ್ನ ಕೊಡಿ. ಮಧ್ಯೆ ನಿಲ್ಲಿಸಿದರೂ ಮ್ಯಾಪ್ ಫೈಲ್ ಇದ್ದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಡಿಸ್ಕ್‌ನಿಂದ ಡಿಸ್ಕ್‌ಗೆ ನೇರ ಪ್ರತಿಯಾದರೆ ಎದುರಿನ ಡಿಸ್ಕ್ ಅಷ್ಟೇ ಅಥವಾ ಹೆಚ್ಚು ದೊಡ್ಡದಿರಬೇಕು; ಇಡೀ ಡಿಸ್ಕನ್ನು ಒಂದೇ ಇಮೇಜ್ ಫೈಲ್ ಆಗಿ ಇಡುವುದಾದರೆ ಹೆಚ್ಚು ದೊಡ್ಡದೇ ಬೇಕು, ಎರಡು ಟಿಬಿಯ ಇಮೇಜ್ ಫೈಲ್ ಎರಡು ಟಿಬಿ ಡ್ರೈವ್‌ನಲ್ಲಿ ಹಿಡಿಯುವುದಿಲ್ಲ. ಪ್ರತಿ ಆದ ಮೇಲೆ ಚೆಕ್ ಡಿಸ್ಕ್ ಸ್ಲ್ಯಾಶ್ ಎಫ್ ಅನ್ನು ಆ ಪ್ರತಿಯ ಮೇಲೆ ಓಡಿಸಿ. ಮೂಲ ಡಿಸ್ಕ್ ಹಾಗೇ ಉಳಿಯುತ್ತದೆ. ಹಳೆಯದರ ಮೇಲೆ ಸ್ಲ್ಯಾಶ್ ಆರ್ ಓಡಿದ್ದರೆ ಕೆಟ್ಟ ಕ್ಲಸ್ಟರ್ ಗುರುತುಗಳೂ ಹೊಸ ಡಿಸ್ಕ್‌ಗೆ ಬಂದಿರುತ್ತವೆ. ಎನ್‌ಟಿಎಫ್‌ಎಸ್‌ನಲ್ಲಿ ಸ್ಲ್ಯಾಶ್ ಬಿ ಕೊಟ್ಟರೆ ಅವನ್ನು ಮರುಪರಿಶೀಲಿಸಿ ತೆಗೆಯುತ್ತದೆ.

ಡಬ್ಬಿ ಬಿಚ್ಚಿ ಡಿಸ್ಕ್ ಅನ್ನು ನೇರ ಕಂಪ್ಯೂಟರಿಗೆ ಹಾಕೋಣ ಎಂಬ ಸಲಹೆ ಎಲ್ಲಕ್ಕೂ ಒಗ್ಗುವುದಿಲ್ಲ. ಕೆಲವು ಮಾದರಿಗಳಲ್ಲಿ ಯುಎಸ್‌ಬಿ ಪೋರ್ಟ್ ಡಿಸ್ಕ್‌ನ ಬೋರ್ಡ್ ಮೇಲೆಯೇ ಇರುತ್ತದೆ, ಕಂಪ್ಯೂಟರಿಗೆ ನೇರ ಜೋಡಿಸುವ ಸಾಟಾ ಕನೆಕ್ಟರೇ ಇರುವುದಿಲ್ಲ. ಇನ್ನು ಕೆಲವು, ಪಾಸ್‌ವರ್ಡ್ ಇಡದಿದ್ದರೂ ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಗೂಢಲಿಪಿಯಲ್ಲಿ, ಬರೆಯುತ್ತವೆ, ಆ ಬೋರ್ಡ್ ಬಿಟ್ಟರೆ ಓದಲಾಗದು. ಟಿಕ್ ಟಿಕ್ ಸದ್ದಿನ ಡಿಸ್ಕ್‌ಗೆ ಕ್ಲೀನ್ ರೂಮ್ ಇರುವ ಲ್ಯಾಬ್ ಬೇಕು. ಗಲ್ಲಿಯ ಅಂಗಡಿಯಲ್ಲಿ ಮುಚ್ಚಳ ತೆಗೆದು ನೋಡುತ್ತೇವೆ ಎಂದರೆ ಕೊಡಬೇಡಿ.

ಮೈಸೂರಿನವರಿಗೆ ಇನ್ನೆರಡು ಮಾತು. ಆಯುಧಪೂಜೆಯ ದಿನ ಡ್ರೈವ್‌ಗೂ ಅರಿಶಿನ ಕುಂಕುಮ ಹಚ್ಚುವುದು ಸಂತೋಷವೇ. ಆದರೆ ಬೊಟ್ಟು ಡಬ್ಬಿಯ ನಡುವೆ ಇರಲಿ, ಪೋರ್ಟ್ ಇರುವ ಅಂಚಿಗೆ ಬೇಡ. ಮೈಕ್ರೊ ಬಿ ಪೋರ್ಟ್ ಒಳಗೆ ಸೇರಿದ ಪುಡಿ ಪಿನ್‌ಗಳ ನಡುವೆ ಕೂತರೆ ಒಣ ಮೆತ್ತನೆಯ ಬ್ರಷ್‌ನಿಂದಲೇ ತೆಗೆಯಬೇಕು, ಊದಬಾರದು, ಎಂಜಲಿನ ತೇವ ಸೇರಿ ಅಂಟುತ್ತದೆ. ಇನ್ನೊಂದು, ಮದುವೆ ಕೆಲಸವಿಲ್ಲದ ಆಷಾಢ ಸ್ಟುಡಿಯೊಗಳಿಗೆ ಪೂರ್ತಿ ತಪಾಸಣೆಯ ಒಳ್ಳೆಯ ಕಾಲ. ದಸರಾ ಹೊತ್ತಿಗೆ ಡ್ರೈವ್ ತುಂಬುವ ಮುಂಚೆ ಪ್ರತಿ ಡ್ರೈವ್‌ನ ಸ್ಮಾರ್ಟ್ ಪರದೆಯ ಚಿತ್ರ ತೆಗೆದು ತಾರೀಕು ಹಾಕಿ ಇಡಿ. ಮುಂದಿನ ಸಲ ಹೋಲಿಸಿದರೆ ಸೊನ್ನೆ ಐದು ಏರಿದೆಯೋ ನಿಂತಿದೆಯೋ ತಿಳಿಯುತ್ತದೆ. ನಿಂತ ಅಂಕಿಗಿಂತ ಏರುವ ಅಂಕಿ ಅಪಾಯ.

ಮಾಹಿತಿ ಎಲ್ಲ ಹೊರಬಂದ ಮೇಲೆ ಡ್ರೈವ್ ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ತಿಳಿಯಲು ಪೂರ್ತಿ ಫಾರ್ಮ್ಯಾಟ್ ಮಾಡಿ ನೋಡಿ. ಕ್ವಿಕ್ ಫಾರ್ಮ್ಯಾಟ್ ಎಂಬ ಗುರುತು ತೆಗೆದರೆ ವಿಂಡೋಸ್ ಇಡೀ ಡಿಸ್ಕ್ ಮೇಲೆ ಸೊನ್ನೆ ಬರೆಯುತ್ತದೆ. ಹಾಗೆ ಬರೆದಾಗಲೇ ಡಿಸ್ಕ್ ತನ್ನ ಬಾಕಿ ಸೆಕ್ಟರ್‌ಗಳ ತೀರ್ಮಾನ ಮಾಡುವುದು. ಸಿ ಐದು ಸೊನ್ನೆಗೆ ಇಳಿದು ಸೊನ್ನೆ ಐದು ಏರದಿದ್ದರೆ ಎಲ್ಲೋ ಕರೆಂಟ್ ಕೈಕೊಟ್ಟು ಅರ್ಧ ಬರೆದಿದ್ದ ಸೆಕ್ಟರ್ ಅಷ್ಟೇ. ಎರಡನೆಯ ಪ್ರತಿಯಾಗಿ ಬಳಸಬಹುದು. ಸೊನ್ನೆ ಐದು ಏರಿದರೆ ಬ್ಯಾಕಪ್‌ಗೆ ಬೇಡ. ವಾರಂಟಿ ಉಳಿದಿದೆಯೇ ಎಂದು ಡಬ್ಬಿಯ ಸೀರಿಯಲ್ ನಂಬರ್ ಹಾಕಿ ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಿ. ಬದಲಿ ಡ್ರೈವ್ ಕೊಡುವಾಗ ಹಳೆಯದು ವಾಪಸ್ ಬರುವುದಿಲ್ಲ, ವಾರಂಟಿಯಲ್ಲಿ ಒಳಗಿನ ಮಾಹಿತಿಗೆ ಹೊಣೆಯೂ ಇಲ್ಲ. ಗಿರಾಕಿಗಳ ಮದುವೆ ಚಿತ್ರ, ಲೆಕ್ಕಪತ್ರ ಅದರಲ್ಲಿದ್ದರೆ ಆ ಪೂರ್ತಿ ಫಾರ್ಮ್ಯಾಟ್ ಮುಗಿದ ಮೇಲೆಯೇ ಕೌಂಟರಿಗೆ ಒಯ್ಯಿರಿ.